ರೇಟತ್ತೆ ಮತ್ತು ಅರ್ಧ ಲಾಂಡ್ರಿ

ಯಾವ ಜಾಗಕ್ಕೆ ಹೋದರೂ ಅವಳು ಮೊದಲು ಕೇಳುವುದು ಹಿಂಬಾಗಿಲು ಎಲ್ಲಿದೆ ಎಂದು. ಬೆಲೆ ಕಟ್ಟುವವರು ಬರುತ್ತಾರೆ ಅಂತ ಗೊತ್ತಾದರೆ ಜನ ಮುಂಬಾಗಿಲು ತೊಳೆಯುತ್ತಾರೆ, ಬೋರ್ಡಿಗೆ ಬಣ್ಣ ಬಳಿಸುತ್ತಾರೆ, ಗಲ್ಲಾ ಪೆಟ್ಟಿಗೆಯ ಪಕ್ಕ ಒಂದು ಹೂದಾನಿ ತಂದಿಡುತ್ತಾರೆ. ಹಿಂದುಗಡೆ ಮಾತ್ರ ಯಾರೂ ಕೈ ಹಾಕುವುದಿಲ್ಲ. ಹಿಂದಿನ ಚರಂಡಿ, ಕಸದ ಡಬ್ಬ, ಕೆಲಸದವರ ಕಕ್ಕಸು, ಇಷ್ಟನ್ನು ಸರಿಯಾಗಿ ನೋಡಿದರೆ ಆ ವ್ಯಾಪಾರದ ಮುಕ್ಕಾಲು ಕಥೆ ತಿಳಿದುಹೋಗುತ್ತದೆ, ಉಳಿದ ಕಾಲು ಭಾಗ ಮಾತ್ರ ಲೆಕ್ಕದ ಪುಸ್ತಕದಲ್ಲಿರುತ್ತದೆ ಎನ್ನುವುದು ಅವಳ ಅನುಭವ.

ಮೂವತ್ತು ವರ್ಷ ಹೀಗೆ ಹಿಂಬಾಗಿಲುಗಳನ್ನು ನೋಡಿ ನೋಡಿ ಅವಳ ಮೂಗಿನ ಎರಡೂ ಪಕ್ಕ ಗೆರೆ ಬಿದ್ದುಬಿಟ್ಟಿದೆ. ನಗುವಾಗಲೂ ಏನೋ ಕೆಟ್ಟ ವಾಸನೆ ಬಂದವಳ ಹಾಗೆ ಕಾಣುತ್ತಾಳೆ. ಅಣ್ಣನ ಮಕ್ಕಳು ಅವಳನ್ನು ರೇಟತ್ತೆ ಎಂದು ಕರೆಯುತ್ತಾರೆ. ಆ ಹೆಸರು ಎಷ್ಟು ಅಂಟಿಕೊಂಡಿದೆ ಎಂದರೆ, ಗಂಡ ಕೂಡ ಒಮ್ಮೊಮ್ಮೆ ಮರೆತು ಹಾಗೇ ಕೂಗಿಬಿಡುತ್ತಾನೆ.

"ರೇಟತ್ತೆ, ನಮ್ಮಪ್ಪನಿಗೆ ಎಷ್ಟು ಬರಬಹುದು?" ಎಂದು ಒಂದು ಸಲ ಆ ಮಕ್ಕಳು ಕೇಳಿದ್ದರು.

ಅವಳು ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, "ಹಳೇ ಮಾಡೆಲ್ಲು. ಬಿಡಿಭಾಗ ಸಿಗಲ್ಲ. ಸಾಗಿಸೋ ಖರ್ಚು ನೀವೇ ಕೊಟ್ರೆ ಯಾರಾದ್ರೂ ತಗೊಂಡು ಹೋಗ್ತಾರೆ," ಎಂದಿದ್ದಳು.

ಇಪ್ಪತ್ತನೆಯ ವಯಸ್ಸಿನಲ್ಲಿ ಅವಳು ಒಬ್ಬ ಮುದುಕ ಮೌಲ್ಯಮಾಪಕರ ಆಫೀಸಿಗೆ ಟೈಪಿಸ್ಟಾಗಿ ಸೇರಿದ್ದಳು. ಅವರು ಹೇಳಿದ್ದನ್ನು ಟೈಪ್ ಮಾಡುತ್ತಾ ಮಾಡುತ್ತಾ ಯಂತ್ರದ ಆಯಸ್ಸು ಎಂದರೇನು, ನಡೆಯುತ್ತಿರುವ ಅಂಗಡಿಗೂ ಮುಚ್ಚಿದ ಅಂಗಡಿಗೂ ಬೆಲೆ ಯಾಕೆ ಬೇರೆ, ಗಿರಾಕಿಗಳ ನಂಬಿಕೆಗೆ ಎಷ್ಟು ಹಾಕಬೇಕು ಎಂಬುದೆಲ್ಲ ತಲೆಗೆ ಹತ್ತಿತು. ಸಂಜೆ ಓದಿ ಮೌಲ್ಯಮಾಪಕರ ಪರೀಕ್ಷೆಗೆ ಕಟ್ಟಿ ಪಾಸಾದಳು. ಮುದುಕರು ಕಲಿಸಿದ್ದರಲ್ಲಿ ಒಂದನ್ನು ಇವತ್ತಿಗೂ ಬಿಟ್ಟಿಲ್ಲ. ಬೆಲೆ ಕಟ್ಟುವ ಜಾಗದಲ್ಲಿ ಒಂದು ಲೋಟ ನೀರನ್ನೂ ಬಾಯಿಗೆ ಹಾಕಬಾರದು.

ಮನುಷ್ಯರು ಎಷ್ಟು ಕೀಳಾಗಬಲ್ಲರು ಎಂದು ತಿಳಿಯಲು ಈ ಕೆಲಸಕ್ಕಿಂತ ಒಳ್ಳೆಯ ಕಿಟಕಿ ಬೇರೆ ಇಲ್ಲ. ಖಾಲಿ ಡಬ್ಬಗಳನ್ನು ಕಪಾಟಿನ ತುಂಬ ಜೋಡಿಸಿ ಸರಕು ತುಂಬಿದೆ ಎಂದವರನ್ನು ಅವಳು ಕಂಡಿದ್ದಳು. ಗಿರಾಕಿಗಳು ಜಾಸ್ತಿ ಎಂದು ತೋರಿಸಲು ನೆಂಟರನ್ನೆಲ್ಲ ಕರೆಸಿ ಕೂರಿಸಿದ್ದ ಒಬ್ಬ ಕ್ಷೌರದಂಗಡಿಯವನಿದ್ದ. ಆ ನೆಂಟರಲ್ಲಿ ಇಬ್ಬರು ಬಕ್ಕತಲೆಯವರು. ಇಂಥದ್ದಕ್ಕೆಲ್ಲ ಅವಳು ಮನೆಗೆ ಬಂದು ನಗುತ್ತಿದ್ದಳು. ಇದ್ದದ್ದನ್ನು ಹೆಚ್ಚು ಮಾಡಿ ತೋರಿಸುವುದರಲ್ಲಿ ಎಷ್ಟೇ ಸುಳ್ಳಿದ್ದರೂ ಒಂದು ಆಸೆ ಇರುತ್ತದೆ. ಆಸೆಯನ್ನು ಕ್ಷಮಿಸಬಹುದು ಎಂದುಕೊಂಡಿದ್ದಳು. ಲಾಂಡ್ರಿಯದು ಹಾಗಿರಲಿಲ್ಲ.

ಆ ಕೆಲಸ ಬಂದದ್ದು ಆಡಿಟರ್ ಮೂಲಕ. ಅವಳಿಗೆ ವರ್ಷದಲ್ಲಿ ಅರ್ಧದಷ್ಟು ಕೆಲಸ ಕಳಿಸುವವನು ಅವನೇ. ಅಣ್ಣ ತಂಗಿ ಸೇರಿ ಹದಿನೆಂಟು ವರ್ಷದಿಂದ ನಡೆಸುತ್ತಿರುವ ದೊಡ್ಡ ಲಾಂಡ್ರಿ. ಎರಡು ಆಸ್ಪತ್ರೆ ಮತ್ತು ಐದಾರು ಲಾಡ್ಜುಗಳ ಬಟ್ಟೆ ಅಲ್ಲಿಗೇ ಬರುತ್ತದೆ. ಪಾಲುಪತ್ರದಲ್ಲಿ ಇಬ್ಬರಿಗೂ ಅರ್ಧರ್ಧ. ಈಗ ತಂಗಿ ಹೊರಗೆ ಹೋಗುತ್ತೇನೆ ಎಂದು ನೋಟೀಸು ಕೊಟ್ಟಿದ್ದಾಳೆ. ಇಬ್ಬರೂ ಒಪ್ಪಿದ ಮೌಲ್ಯಮಾಪಕರು ಏನು ಬೆಲೆ ಹೇಳುತ್ತಾರೋ ಅದರ ಅರ್ಧವನ್ನು ಅಣ್ಣ ತಂಗಿಗೆ ಕೊಟ್ಟು ಲಾಂಡ್ರಿ ಇಟ್ಟುಕೊಳ್ಳಬೇಕು. ಪಾಲುಪತ್ರದಲ್ಲಿ ಹಾಗೆಂದು ಬರೆದಿದೆ.

"ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿದುಹೋಗೋ ಕೆಲಸ ಮೇಡಂ. ಅಣ್ಣ ತುಂಬ ಸಾಧು," ಎಂದ ಆಡಿಟರ್.

ಆ ಸಾಧು ಮನುಷ್ಯ ಗೇಟಿನಲ್ಲೇ ಕಾಯುತ್ತಿದ್ದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ರೇಟತ್ತೆ ಬಾಯಿ ತೆಗೆಯುವ ಮೊದಲೇ, "ಬನ್ನಿ ಮೇಡಂ, ಮೊದಲು ಹಿಂದ್ಗಡೆ ನೋಡ್ಬಿಡಿ," ಎಂದ.

ಅವಳ ಹೆಜ್ಜೆ ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಮಾಲೀಕ ಅವಳನ್ನು ತಾನಾಗಿಯೇ ಹಿಂಬಾಗಿಲಿಗೆ ಕರೆದಿರಲಿಲ್ಲ.

ಹಿಂದೆ ಚರಂಡಿ ಕಟ್ಟಿಕೊಂಡು ನೀರು ಅಂಗಳಕ್ಕೆ ಹರಡಿತ್ತು. ಮೇಲೆ ಬೂದು ಬಣ್ಣದ ಕೆನೆ, ಅದರಲ್ಲಿ ಬಟ್ಟೆಯ ಜುಂಗು, ಕೂದಲಿನ ಉಂಡೆಗಳು, ಒಂದು ಸತ್ತ ಇಲಿ. ಮೂಲೆಯಲ್ಲಿ ಒದ್ದೆ ಹಾಸುಗಳನ್ನು ಹಾಗೆಯೇ ರಾಶಿ ಹಾಕಿದ್ದರು. ಅವುಗಳ ಮೇಲೆ ಕಪ್ಪು ಚುಕ್ಕೆಯ ಬೂಷ್ಟು ಹಬ್ಬಿ, ಹುಳಿ ಹತ್ತಿದ ಹಿಟ್ಟಿನಂಥ ನಾತ ಬರುತ್ತಿತ್ತು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಹೀಗಿದೆ ನೋಡಿ ನಮ್ಮ ಗತಿ," ಎಂದ ಅವನು. ಸ್ವರದಲ್ಲಿ ದುಃಖವಿತ್ತು, ಮುಖದಲ್ಲಿ ಇರಲಿಲ್ಲ. "ಒಳಗೆ ಯಂತ್ರ ನೋಡಿದ್ರೆ ಇನ್ನೂ ಬೇಜಾರಾಗುತ್ತೆ ನಿಮ್ಗೆ."

ಒಳಗೆ ಬಟ್ಟೆ ಒಗೆಯುವ ಎರಡು ದೊಡ್ಡ ಡ್ರಮ್ಮುಗಳು, ಹಿಂಡುವ ಯಂತ್ರ ಒಂದು. ಡ್ರಮ್ಮಿನ ಕಾಲು, ಚೌಕಟ್ಟು, ಬೋಲ್ಟು ಎಲ್ಲ ತುಕ್ಕು. ಅವನು ಒಂದೊಂದನ್ನೂ ಬೆರಳಿಟ್ಟು ತೋರಿಸಿದ. ತನ್ನ ಮನೆಯ ಹುಳುಕನ್ನು ಇಷ್ಟು ಉತ್ಸಾಹದಿಂದ ತೋರಿಸುವವನನ್ನು ಅವಳು ಕಂಡಿರಲಿಲ್ಲ. "ಇದನ್ನ ಗುಜರಿಗೆ ಹಾಕಿದ್ರೂ ತೂಕಕ್ಕೆ ತಗೊಳ್ತಾರೆ ಅಷ್ಟೆ. ಎಲ್ಲಾ ಸೇರಿ ಹದಿನೆಂಟು ಲಕ್ಷ ಬಂದ್ರೆ ನಮ್ಮ ಪುಣ್ಯ. ನೀವೇನಂತೀರಿ?"

"ನಾನು ಇನ್ನೂ ಏನೂ ಅನ್ನಲ್ಲ," ಎಂದಳು ರೇಟತ್ತೆ.

ಇಸ್ತ್ರಿ ಮಾಡುವ ಹಾಲ್‌ಗೆ ಹೋದಾಗ ಬೇರೆ ಊರಿಗೆ ಬಂದ ಹಾಗಾಯಿತು. ನೆಲ ಒರೆಸಿ ಒಣಗಿತ್ತು. ಮಡಿಸಿದ ಹಾಸುಗಳು ಅಂಚಿಗೆ ಅಂಚು ಕೂಡಿ ನಿಂತಿದ್ದವು. ಬಿಸಿ ರೋಲರಿನ ಮುಂದೆ ನಿಂತಿದ್ದ ಹೆಂಗಸು ತಿರುಗಿ ನೋಡಿದಳು. ಮೊಣಕೈಯವರೆಗೆ ಸುಟ್ಟ ಹಳೆಯ ಗೆರೆಗಳು. ಅವಳೇ ತಂಗಿ. ಅಣ್ಣ ಫೋನು ಬಂತೆಂದು ಹೊರಗೆ ಹೋದ.

"ಇಲ್ಲೂ ತುಕ್ಕು ಇದೆಯಲ್ಲ," ಎಂದಳು ರೇಟತ್ತೆ, ರೋಲರಿನ ಕಬ್ಬಿಣದ ಚೌಕಟ್ಟು ನೋಡಿ.

"ದಿನಾ ಬೆಳಿಗ್ಗೆ ಉಪ್ಪುಕಾಗದ ಹಾಕಿ ಉಜ್ತೀನಿ ಅಕ್ಕಾ. ಮರುದಿನಕ್ಕೆ ಮತ್ತೆ ಬಂದಿರುತ್ತೆ. ಎರಡು ತಿಂಗಳಿಂದ ಹೀಗೆ. ಬಾಯ್ಲರ್ ಹಬೆ ಸೋರ್ತಿದೆ ಅಂತಾನೆ ಅಣ್ಣ." ಅವಳು ಕೈ ಒರೆಸಿಕೊಂಡಳು. "ಎಷ್ಟಾಗಬಹುದು ಅಂತ ಕೇಳಬಾರದು ಅಲ್ವಾ?"

"ಕೇಳಬಾರದು."

"ಸರಿ, ಕೇಳಲ್ಲ. ನನಗೆ ಬೇಕಾಗಿರೋದು ಎಷ್ಟು ಅಂತ ಹೇಳಬಹುದಾ?"

ರೇಟತ್ತೆ ಬರೆಯುವುದನ್ನು ನಿಲ್ಲಿಸಿ ಪೆನ್ನು ಮುಚ್ಚಿದಳು. ತಂಗಿ ಅದನ್ನೇ ಒಪ್ಪಿಗೆ ಎಂದುಕೊಂಡಳು. ಬಸ್ ನಿಲ್ದಾಣದ ಹಿಂದೆ ಒಂದು ಪುಟ್ಟ ಇಸ್ತ್ರಿ ಅಂಗಡಿ, ರೋಲರ್ ಸಮೇತ ಮಾರಾಟಕ್ಕಿದೆ. ಇಪ್ಪತ್ತು ಲಕ್ಷ. ಅಂಗಡಿಯವನು ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಾನೆ. ಅದು ಕೈತಪ್ಪಿದರೆ ಅವಳಿಗೆ ಉಳಿಯುವುದು ಒಂದೇ ದಾರಿ. ಇದೇ ರೋಲರಿನ ಮುಂದೆ, ಪಾಲುದಾರಳಾಗಿ ಅಲ್ಲ, ಅಣ್ಣನ ಸಂಬಳದಾಳಾಗಿ ನಿಲ್ಲುವುದು.

"ಈಗ್ಲೂ ಅಣ್ಣ ನನ್ನನ್ನ ಹಾಗೇ ಕರೆಯೋದು. ಏ ಇಸ್ತ್ರಿ, ಅಂತ."

ರೇಟತ್ತೆ ಮತ್ತೆ ಡ್ರಮ್ಮಿನ ಹತ್ತಿರ ಹೋಗಿ ಮಂಡಿಯೂರಿ ಕುಳಿತಳು. ತುಕ್ಕಿಗೂ ವಯಸ್ಸಿದೆ. ಹಳೆಯ ತುಕ್ಕು ಕಪ್ಪಾಗಿ, ಪದರ ಪದರವಾಗಿ, ಉಗುರಿಗೆ ಸಿಕ್ಕಿದರೆ ಹಕ್ಕಳೆಯ ಹಾಗೆ ಏಳುತ್ತದೆ. ಇದು ಕಿತ್ತಳೆ ಬಣ್ಣದ್ದು, ಪುಡಿಪುಡಿ, ಎಳೆಯದು. ಹಬೆಯಿಂದ ಬಂದದ್ದಾದರೆ ಮೇಲುಗಡೆ ಹೆಚ್ಚಿರಬೇಕಿತ್ತು. ಇಲ್ಲಿ ಮೇಲಿನಿಂದ ಕೆಳಗೆ ಇಳಿದ ಗೆರೆಗಳಿದ್ದವು, ಯಾರೋ ಲೋಟದಿಂದ ಸುರಿದ ಹಾಗೆ. ಬೋಲ್ಟಿನ ಸಂದಿಯಲ್ಲಿ ಬಿಳಿ ಹರಳಿನಂಥದ್ದೇನೋ ಕೂತಿತ್ತು. ಅವಳು ಅದನ್ನು ಕಿರುಬೆರಳಿನ ಉಗುರಿನಿಂದ ಕೆದಕಿ ತೆಗೆದಳು. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ನಾಲಿಗೆಯ ತುದಿಗೆ ಇಟ್ಟಳು.

ಉಪ್ಪು.

ಕರವಸ್ತ್ರಕ್ಕೆ ಉಗಿದಳು. ಎಷ್ಟು ಉಗಿದರೂ ಕಬ್ಬಿಣ ಮತ್ತು ಉಪ್ಪು ಎರಡೂ ನಾಲಿಗೆಯಿಂದ ಹೋಗಲಿಲ್ಲ. ಹೊರಗೆ ಆ ಮನುಷ್ಯ ಫೋನಿನಲ್ಲಿ ಯಾರಿಗೋ ತಂಗಿಯ ಮೇಲಿನ ಮಮತೆಯ ಬಗ್ಗೆ ಹೇಳುತ್ತಿದ್ದ.

ಲೆಕ್ಕದ ಫೈಲುಗಳನ್ನು ಅವಳು ಮನೆಗೆ ತಂದಳು. ಲಾಂಡ್ರಿಯ ಅಣ್ಣ ಬಹಳ ಅಚ್ಚುಕಟ್ಟಿನವನು. ಒಂದು ಪೆನ್ನಿನ ರೀಫಿಲ್ಲಿಗೂ ರಸೀದಿ ಇತ್ತು, ರಸೀದಿಗೆ ನಂಬರಿತ್ತು. ಭಾನುವಾರ ಊಟವಾದ ಮೇಲೆ ಮೇಜಿನ ಮೇಲೆ ಹರಡಿಕೊಂಡು ಕೂತಳು. ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರ್, ಅವತ್ತು ರಜೆ. ಎದುರಿಗೆ ಕೂತು ಪೇಪರು ಓದುತ್ತಿದ್ದ.

ಅವಳಿಗೆ ಎರಡು ಕಾಗದ ಸಿಕ್ಕವು. ಒಂದು, ಮೆಕ್ಯಾನಿಕ್‌ನ ಪುಸ್ತಕದ ಹಾಳೆ. ಪ್ರತಿ ತಿಂಗಳೂ ಅವನು ಯಂತ್ರ ನೋಡಿ ಬರೆದು ಸಹಿ ಹಾಕುತ್ತಾನೆ. ತಂಗಿ ನೋಟೀಸು ಕೊಡುವುದಕ್ಕೆ ಮೂರು ದಿನ ಮೊದಲು ಅವನು ಬರೆದಿದ್ದ: ಎರಡೂ ಡ್ರಮ್ ಚೆನ್ನಾಗಿವೆ, ತುಕ್ಕಿಲ್ಲ, ಚರಂಡಿ ಸರಾಗ. ಆಮೇಲೆ ಆ ಮೆಕ್ಯಾನಿಕ್‌ನನ್ನು ಕರೆದೇ ಇಲ್ಲ.

ಇನ್ನೊಂದು, ನೋಟೀಸಿನ ಮುಂದಿನ ವಾರದ ರಸೀದಿ. ಕಲ್ಲುಪ್ಪು, ಎರಡು ಮೂಟೆ.

"ಲಾಂಡ್ರಿಗೆ ಉಪ್ಪು ಬೇಕಾಗುತ್ತಲ್ಲ? ಗಡಸು ನೀರನ್ನ ಮೆದು ಮಾಡೋ ಯಂತ್ರಕ್ಕೆ ಹಾಕ್ತಾರೆ," ಎಂದ ಗಂಡ.

"ಆ ಯಂತ್ರನ ಹೋದ ವರ್ಷವೇ ಮಾರಿದ್ದಾರೆ. ಮಾರಿದ ರಸೀದಿನೂ ಇದೆ."

ಗಂಡ ಪೇಪರು ಮಡಿಸಿದ. ಅವಳು ಖರ್ಚಿನ ಪುಸ್ತಕ ತೆಗೆದು ಆ ದಿನದ ಪುಟಕ್ಕೆ ಬಂದಳು. ಉಪ್ಪಿನ ಹಣ ಸ್ವಂತ ಜೇಬಿನದಲ್ಲ. ಲಾಂಡ್ರಿಯ ಖರ್ಚಿಗೆ ಬರೆದಿದ್ದ. ಲಾಂಡ್ರಿಯ ಖರ್ಚು ಎಂದರೆ ಅರ್ಧ ಅವನದು, ಅರ್ಧ ತಂಗಿಯದು. ಎದುರಿಗೆ ದುಂಡು ಅಕ್ಷರದಲ್ಲಿ ಎರಡು ಪಾಲನ್ನೂ ಬೇರೆ ಬೇರೆ ಬರೆದು, ತಂಗಿಯ ಪಾಲನ್ನು ಅವಳ ಹಣದಿಂದ ಕಳೆದಿದ್ದ.

ಅವಳು ಪುಸ್ತಕವನ್ನು ಗಂಡನ ಕಡೆ ತಿರುಗಿಸಿದಳು. ಅವನು ಓದಿದ. ಉಪ್ಪಿನ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದ.

"ತಂಗಿ ಪಾಲು ಹಾಳು ಮಾಡೋಕೆ ತಂಗಿ ದುಡ್ಡಲ್ಲೇ ಉಪ್ಪು ತಂದಿದ್ದಾನೆ," ಎಂದ ಕೊನೆಗೆ. "ಇವನು ತನ್ನ ಹೆಣಕ್ಕೂ ರಸೀದಿ ಕೇಳೋ ಗಿರಾಕಿ."

ರೇಟತ್ತೆಗೆ ನಗು ಬರಲಿಲ್ಲ. ಅಂಥ ಎಷ್ಟೋ ಮಾತಿಗೆ ನಕ್ಕವಳು ಅವಳು. ಆ ದುಂಡು ಅಕ್ಷರಗಳನ್ನು ನೋಡಿದರೆ ಇಲಿ ತೇಲುತ್ತಿದ್ದ ಚರಂಡಿಯನ್ನು ನೋಡಿದ್ದಕ್ಕಿಂತ ಹೆಚ್ಚು ಹೇಸಿಗೆಯಾಗುತ್ತಿತ್ತು. ಕದಿಯುವವನ ಕೈ ನಡುಗಬೇಕಲ್ಲವೆ? ಒಂದು ಅಕ್ಷರವಾದರೂ ಗೆರೆ ಬಿಟ್ಟು ಹೋಗಬೇಕಲ್ಲವೆ?

ಅವಳು ವರದಿ ಬರೆದಳು. ಪಾಲುಪತ್ರದ ಪ್ರಕಾರ ಬೆಲೆ ಕಟ್ಟಬೇಕಾದದ್ದು ನೋಟೀಸು ಕೊಟ್ಟ ದಿನಕ್ಕೆ. ಅವಳು ಹೋಗಿ ನೋಡಿದ ದಿನಕ್ಕಲ್ಲ. ಆ ದಿನ ಲಾಂಡ್ರಿಯ ಬೆಲೆ ನಲವತ್ತಾರು ಲಕ್ಷ. ತಂಗಿಯ ಅರ್ಧ ಇಪ್ಪತ್ತಮೂರು. ಓದಿದವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಈಗ ಹೋಗಿ ನೋಡಿದರೆ ಗುಜರಿಯಂತಿರುವುದಕ್ಕೆ ಇಷ್ಟು ಬೆಲೆ ಹೇಗೆ? ಅದಕ್ಕೆ ಕೊನೆಯ ಪುಟದಲ್ಲಿ ಒಂದು ಟಿಪ್ಪಣಿ ಹಾಕಿದಳು. ಉಪ್ಪಿನ ರಸೀದಿಯ ನಂಬರು, ಮೆಕ್ಯಾನಿಕ್‌ನ ಸಹಿ, ತುಕ್ಕಿನ ವಯಸ್ಸು, ಎಲ್ಲವೂ ಅದರಲ್ಲಿತ್ತು. ಆ ಒಂದು ಪುಟ ಅವಳ ಸಂಖ್ಯೆಗೆ ಊರುಗೋಲು.

ಆಡಿಟರ್ ಆಫೀಸಿನಲ್ಲಿ ನಾಲ್ವರೂ ಸೇರಿದರು. ಗಾಜಿನ ಮೇಜು, ಗೋಡೆಯ ಮೇಲೆ ಗಡಿಯಾರ, ಮೂಲೆಯಲ್ಲಿ ಪ್ರಿಂಟರು. ಅಣ್ಣ ವರದಿಯನ್ನು ಕೊನೆಯ ಪುಟದಿಂದ ಓದಿದ, ಆಡಿಟರ್ ಅವನ ಭುಜದ ಮೇಲಿಂದ ಬಗ್ಗಿ ಓದಿದ. ಅಣ್ಣ ಓದಿ ಮುಗಿಸಿ ಅದನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಮುಚ್ಚಿದ.

"ಇದೇನು ಮೇಡಂ, ಬೆಲೆ ಕಟ್ಟಿ ಅಂದ್ರೆ ಪತ್ತೇದಾರಿ ಮಾಡಿದೀರಲ್ಲ."

"ನಿಮ್ಮ ರಸೀದಿಗಳು ಅಷ್ಟು ಚೆನ್ನಾಗಿದ್ದವು," ಎಂದಳು ರೇಟತ್ತೆ.

ತಂಗಿ ಪುಟವನ್ನು ತನ್ನ ಕಡೆ ಎಳೆದುಕೊಂಡು ಓದಿದಳು. ನಿಧಾನವಾಗಿ ಓದಿದಳು. ಎರಡು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಉಜ್ಜಿದ ಚೌಕಟ್ಟು ನೆನಪಾಗಿರಬೇಕು. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

"ನಾನು ಮನೆಗೆ ಹೋದ ಮೇಲೆ ಬಂದು ಉಪ್ಪುನೀರು ಹಾಕ್ತಿದ್ಯಾ ಅಣ್ಣ?"

"ನೀನು ಸುಮ್ನಿರು. ನಿಂಗೆ ವ್ಯವಹಾರ ಗೊತ್ತಾಗಲ್ಲ."

"ಯಾವ ಪಾತ್ರೇಲಿ ಹಾಕ್ತಿದ್ದೆ? ನಾನು ಟೀ ಕುಡಿಯೋ ಲೋಟದಲ್ಲಾ?"

ಅಣ್ಣ ಆಡಿಟರ್ ಕಡೆ ನೋಡಿದ. ಆಡಿಟರ್ ಗಂಟಲು ಸರಿಮಾಡಿಕೊಂಡು, "ನೋಡಿ, ಎಲ್ಲರೂ ಮರ್ಯಾದಸ್ಥರು. ಏನಾದ್ರೂ ಅಡ್ಜಸ್ಟ್ ಮಾಡಿಕೊಳ್ಳೋಣ," ಎಂದ. ಅವನೂ ಅಣ್ಣನೂ ಪಕ್ಕದ ಕೋಣೆಗೆ ಹೋಗಿ ಬಂದರು. ಬಂದ ಮೇಲೆ ಅಣ್ಣನ ಮುಖ ಮೊದಲಿನಷ್ಟೇ ಸಾಧುವಾಗಿತ್ತು.

"ಇಪ್ಪತ್ತಮೂರು ಒಪ್ಕೋತೀನಿ. ಇವತ್ತೇ, ಈಗಲೇ ಕಳಿಸ್ತೀನಿ. ಆದ್ರೆ ಆ ಕೊನೇ ಪುಟ ಇರಬಾರದು. ಈ ವರದಿ ಸಾಲಕ್ಕೆ ಬ್ಯಾಂಕಿಗೆ ಹೋಗುತ್ತೆ, ಗುತ್ತಿಗೆಗೆ ಆಸ್ಪತ್ರೆಯವರಿಗೆ ಹೋಗುತ್ತೆ. ಪುಟ ಇದ್ರೆ ನಾನು ಸಹಿ ಹಾಕಲ್ಲ. ಕೋರ್ಟಿಗೆ ಹೋಗಲಿ. ಐದು ವರ್ಷ ಆಗುತ್ತೆ, ಆಗಲಿ."

ರೇಟತ್ತೆ ಅವನ ಜೇಬಿನ ಎರಡು ಪೆನ್ನುಗಳನ್ನೇ ನೋಡುತ್ತಿದ್ದಳು. ಮಾಡಿದ ಕೆಲಸಕ್ಕೆ ನಾಚಿಕೆಯಿಲ್ಲ. ಅದನ್ನು ಬರೆದ ಕಾಗದಕ್ಕೆ ಮಾತ್ರ ನಾಚಿಕೆ. ಆ ನಾಚಿಕೆಗೂ ಒಂದು ಬೆಲೆ ಕಟ್ಟಿ ತಂದಿದ್ದ.

"ಪುಟ ತೆಗೆದ್ರೆ," ಎಂದು ತಂಗಿ ಮೆಲ್ಲಗೆ ಕೇಳಿದಳು, "ನಿಮ್ಗೇನಾದ್ರೂ ತೊಂದ್ರೆ ಆಗುತ್ತಾ ಅಕ್ಕಾ?"

ಆಗುತ್ತದೆ. ನಾಳೆ ಬ್ಯಾಂಕಿನವನು ಬಂದು ಆ ಡ್ರಮ್ಮುಗಳನ್ನು ನೋಡಿ, ಈ ಹೆಂಗಸು ತಂಗಿಯ ಹತ್ತಿರ ದುಡ್ಡು ತಿಂದು ಬೆಲೆ ಏರಿಸಿದ್ದಾಳೆ ಎನ್ನುತ್ತಾನೆ. ಮೂವತ್ತು ವರ್ಷದಲ್ಲಿ ಅವಳ ಮೇಲೆ ಬಾರದ ಮಾತು ಅದೊಂದೇ. ರೇಟತ್ತೆ ತಲೆಯೆತ್ತಿದಳು. ಎದುರಿಗಿದ್ದ ಹೆಂಗಸು ಪುಟದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಮುಂದಕ್ಕೆ ತಳ್ಳಿರಲಿಲ್ಲ, ಹಿಂದಕ್ಕೂ ಎಳೆದಿರಲಿಲ್ಲ. ತಿಂಗಳ ಕೊನೆಗೆ ನಾಲ್ಕು ದಿನ ಉಳಿದಿತ್ತು.

"ನಿಮ್ಗೆ ಆ ಪುಟ ಬೇಕಾ?" ಎಂದಳು ರೇಟತ್ತೆ.

"ಅವನ ಮಾನ ಕಳೆದು ನಾನೇನು ಮಾಡ್ಲಿ ಅಕ್ಕಾ. ಇಸ್ತ್ರಿ ಮಾಡೋಕೆ ಒಂದು ಮೇಜು ಬೇಕು ನಂಗೆ. ಆದ್ರೆ ನಿಮ್ಮ ಹೆಸರಿಗೆ ಮಸಿ ಬಳಿದು ಬೇಡ. ನೀವು ಇರ್ಲಿ ಅಂದ್ರೆ ಇರ್ಲಿ. ಐದು ವರ್ಷ ಕಾಯ್ತೀನಿ."

ಕಾಯುವವಳೇ ಅವಳು. ಅದು ಅವಳ ಮೊಣಕೈಯವರೆಗಿನ ಸುಟ್ಟ ಗೆರೆಗಳನ್ನು ನೋಡಿದರೇ ಗೊತ್ತಾಗುತ್ತಿತ್ತು.

ರೇಟತ್ತೆ ವರದಿಯನ್ನು ಎತ್ತಿಕೊಂಡು ಕೊನೆಯ ಹಾಳೆಯನ್ನು ಪಿನ್ನಿನಿಂದ ಬಿಡಿಸಿದಳು. ಒಂದೇ ಸಲಕ್ಕೆ ಹರಿಯಲಿಲ್ಲ, ಮೂಲೆ ಪಿನ್ನಿನಲ್ಲೇ ಉಳಿಯಿತು. ಅದನ್ನೂ ಉಗುರಿನಿಂದ ಕಿತ್ತಳು. ಸಂಖ್ಯೆ ಸುಳ್ಳಲ್ಲ, ಎಂದು ಮನಸ್ಸಿನಲ್ಲಿ ಹೇಳಿಕೊಂಡಳು. ನಲವತ್ತಾರು ನಿಜ. ಇಪ್ಪತ್ತಮೂರು ನಿಜ. ಎರಡು ಸಲ ಹೇಳಿಕೊಂಡರೂ ಸಮಾಧಾನವಾಗಲಿಲ್ಲ.

"ಮೊದಲು ಹಣ ಕಳಿಸಿ. ಆಮೇಲೆ ಈ ಹಾಳೆ ತಗೊಳ್ಳಿ," ಎಂದಳು.

ಅಣ್ಣ ಫೋನು ತೆಗೆದು ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿಯನ್ನು ಒತ್ತಿದ. ಒತ್ತಿ, ಮತ್ತೆ ಎಣಿಸಿ, "ಹೋಯ್ತು" ಎಂದ. ಬ್ಯಾಂಕಿನವರು ದೊಡ್ಡ ಮೊತ್ತ ಎಂದು ಸ್ವಲ್ಪ ತಡ ಮಾಡುತ್ತಾರೆ, ಅರ್ಧ ಗಂಟೆ ಎಂದ ಆಡಿಟರ್. ಆ ಅರ್ಧ ಗಂಟೆ ಹಾಳೆ ರೇಟತ್ತೆಯ ಮಡಿಲಲ್ಲೇ ಇತ್ತು. ಅಣ್ಣ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಆಡಿಟರ್ ಗಡಿಯಾರ ನೋಡಿ ಹಲ್ಲು ಕಿರಿದ. "ಅಂದ್ರೂ ಇಪ್ಪತ್ತಮೂರು ಜಾಸ್ತೀನೇ ಆಯ್ತು ಬಿಡಿ. ಏನ್ ಮೇಡಂ, ತಂಗಿ ನಿಮ್ಗೆಷ್ಟು ಕೊಟ್ರು?"

ಅವನು ಆ ಪುಟವನ್ನು ಓದಿದ್ದ. ಸ್ವಲ್ಪ ಹೊತ್ತಿನ ಹಿಂದೆ, ಅವಳ ಕಣ್ಣೆದುರೇ ಓದಿದ್ದ.

"ಇನ್ನು ಮುಂದೆ ನಿಮ್ಮ ಕೆಲಸ ನನಗೆ ಕಳಿಸಬೇಡಿ," ಎಂದಳು ರೇಟತ್ತೆ.

"ಅಯ್ಯೋ, ತಮಾಷೆಗೆ ಅಂದೆ."

"ಗೊತ್ತು. ಅದಕ್ಕೇ ಬೇಡ ಅಂದಿದ್ದು."

ತಂಗಿಯ ಫೋನು ಮೇಜಿನ ಮೇಲೆ ಗುರ್ ಎಂದಿತು. ಅವಳು ಸಂದೇಶ ನೋಡಿದಳು, ತಲೆಯಾಡಿಸಿದಳು. ರೇಟತ್ತೆ ಹಾಳೆಯನ್ನು ಮೇಜಿನ ಮೇಲೆ ಜಾರಿಸಿದಳು. ಅವನು ಅದನ್ನು ಹರಿಯಲಿಲ್ಲ. ನಾಲ್ಕಾಗಿ ಮಡಿಸಿ, ಬಿಳಿ ಅಂಗಿಯ ಜೇಬಿನಲ್ಲಿ ಪೆನ್ನುಗಳ ಹಿಂದೆ ಜೋಪಾನವಾಗಿ ಇಟ್ಟುಕೊಂಡ. ಆಮೇಲೆ ಸಹಿ ಹಾಕಿದ, ದುಂಡಗೆ.

ಹೆಂಗಸರಿಬ್ಬರೂ ಮೆಟ್ಟಿಲಿಳಿದು ಬೀದಿಗೆ ಬಂದರು. ಎದುರಿಗೆ ಸೈಕಲ್ ರಿಪೇರಿ ಅಂಗಡಿ, ಪಕ್ಕದಲ್ಲಿ ತೆರೆದ ಮೋರಿ. ತಂಗಿ ನಾಲ್ಕು ಹೆಜ್ಜೆ ನಡೆದು ನಿಂತಳು. "ಬಂತು ಅಕ್ಕಾ," ಎಂದಳು. "ಪೂರ್ತಿ ಬಂತು." ನಗಲು ನೋಡಿದಳು. ಅಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತು. ಮೋರಿಯ ಅಂಚಿಗೆ ಕೂತು ವಾಂತಿ ಮಾಡಿದಳು. ಬೆಳಿಗ್ಗೆ ತಿಂದದ್ದೆಲ್ಲ ಹೋಯಿತು, ಆಮೇಲೆ ಬರೀ ಹಳದಿ ನೀರು.

ಸೈಕಲ್ ಅಂಗಡಿಯವನು ಇತ್ತ ನೋಡಿ ಮುಖ ತಿರುಗಿಸಿಕೊಂಡ. ರೇಟತ್ತೆ ಚೀಲವನ್ನು ನೆಲಕ್ಕಿಟ್ಟು ಪಕ್ಕದಲ್ಲಿ ಕೂತು, ಒಂದು ಕೈಯಲ್ಲಿ ಅವಳ ಹಣೆ ಹಿಡಿದಳು, ಇನ್ನೊಂದರಲ್ಲಿ ಬೆನ್ನು ನೀವಿದಳು. ನಾತ ಬರುತ್ತಿತ್ತು. ಸೆರಗನ್ನು ಮೂಗಿಗೆ ಒತ್ತಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.

"ಎಲ್ಲಾ ಹೋಗ್ಲಿ," ಎಂದಳು. "ಏನೂ ಒಳಗೆ ಇಟ್ಕೋಬೇಡಿ."